ಮೂಡ್ ಹೇಳಿ, ಸಿನಿಮಾ ಹೇಳುತ್ತೇನೆ

ನನ್ನ ಅಡುಗೆಯ ಬಗ್ಗೆ ನನಗೆ ಹೆಮ್ಮೆಯಿಲ್ಲ, ಹಾಡಿನ ಬಗ್ಗೆಯಂತೂ ಮಾತೇ ಬೇಡ. ಆದರೆ ಒಂದು ವಿಷಯದಲ್ಲಿ ಮಾತ್ರ ಬೆಟ್ಟದಷ್ಟು ಜಂಬ. ಯಾರಾದರೂ ‘ಇವತ್ತು ಮನಸ್ಸು ಹೀಗಿದೆ’ ಎಂದರೆ ಸಾಕು, ಅವರು ಯಾವ ಸಿನಿಮಾ ನೋಡಬೇಕೆಂದು ಥಟ್ಟನೆ ಹೇಳಿಬಿಡುತ್ತೇನೆ, ನಾಡಿ ಹಿಡಿದು ಕಷಾಯ ಹೇಳುವ ಪಂಡಿತರ ಹಾಗೆ. ಮ್ಯಾನೇಜರ್ ಬೈದಿದ್ದರೆ ಒಂದು, ಗಂಡನ ಜೊತೆ ಮಾತು ಬಿಟ್ಟಿದ್ದರೆ ಇನ್ನೊಂದು, ಬೆಂಗಳೂರಿಂದ ಬಂದಿಳಿದು ಜೆಟ್‌ಲ್ಯಾಗ್‌ನಲ್ಲಿ ತೂಕಡಿಸುತ್ತಿದ್ದರೆ ಹಾಡು ಜಾಸ್ತಿ ಇರುವ ಮತ್ತೊಂದು. ನಾವಿರುವುದು ಟೆಕ್ಸಾಸಿನ ಡಾಲಸ್ ಪಕ್ಕದ ಕ್ಯಾರಲ್ಟನ್‌ನಲ್ಲಾದರೂ ನನ್ನ ಪ್ರಾಕ್ಟೀಸು ಆಸ್ಟಿನ್, ಹ್ಯೂಸ್ಟನ್‌ವರೆಗೂ ಹಬ್ಬಿದೆ. ಹ್ಯೂಸ್ಟನ್ ಕಡೆ ಸ್ಟಾಫರ್ಡ್‌ನಲ್ಲಿರುವ ಗೆಳತಿ ಸುಧಾ ನನ್ನ ಖಾಯಂ ಪೇಷಂಟು. ತಂದೆಯ ಹುಟ್ಟುಹಬ್ಬಕ್ಕೆ ಮನೆಮಂದಿಯೆಲ್ಲ ಕೂತು ನಗುವಂಥ ಸಿನಿಮಾ ಹೇಳು ಅಂತ ಚಳಿಗಾಲದಲ್ಲಿ ಕೇಳಿದ್ದಳು, ಹೇಳಿದ್ದೆ. ಆಮೇಲೆ ಅವಳು ಕೇಳಿಲ್ಲ. ಪಾಪ, ಆಫೀಸಿನಲ್ಲಿ ಕೆಲಸ ಜಾಸ್ತಿ ಇರಬೇಕು ಅಂದುಕೊಂಡಿದ್ದೆ.

ಊರಿಗೆಲ್ಲ ಮದ್ದು ಹೇಳುವ ನನಗೆ ನಮ್ಮ ಮನೆಯ ಸೋಫಾ ಮಾತ್ರ ಬಗ್ಗುವುದಿಲ್ಲ. ನಮ್ಮ ಯಜಮಾನರಿಗೆ ದೂರದ ಆಸ್ಟಿನ್ ಕಡೆಯ ಊರಾದ ಟೇಲರ್‌ನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಕೆಲಸ. ಸೋಮವಾರ ಹೋದರೆ ಮನೆ ಕಾಣುವುದು ಶುಕ್ರವಾರ ಸಂಜೆಯೇ. ಮಗಳು ಅನಘಾ ಆಗಸ್ಟಿನಲ್ಲಿ ಕಾಲೇಜಿಗೆಂದು ಆಸ್ಟಿನ್‌ಗೆ ಹೊರಟಿದ್ದಾಳೆ. ಧಾರವಾಡದಿಂದ ಬಂದಿರುವ ಅತ್ತೆಯೂ ಅಷ್ಟರಲ್ಲಿ ವಾಪಸ್ ಹೋಗುತ್ತಾರೆ. ಅಂದರೆ ನಾಲ್ಕೂ ಜನ ಒಂದೇ ಸೋಫಾದಲ್ಲಿ ಕೂರುವ ಶುಕ್ರವಾರಗಳು ಇನ್ನು ಕೆಲವೇ. ಒಂದೇ ಒಂದು ಸಿನಿಮಾವನ್ನಾದರೂ ಎಲ್ಲರೂ ಸೇರಿ ಮೊದಲಿಂದ ಕೊನೆಯವರೆಗೆ ನೋಡಬೇಕು ಎನ್ನುವುದು ನನ್ನ ದೊಡ್ಡ ಆಸೆ. ನೋಡುವುದಿರಲಿ, ಆರಿಸುವುದೇ ಆಗುವುದಿಲ್ಲ. ಟ್ರೇಲರ್ ಮೇಲೆ ಟ್ರೇಲರ್ ನೋಡಿ, ಪಲಾವು ಮುಗಿದು, ಇವರು ಕೂತಲ್ಲೇ ತೂಕಡಿಸಿ, ಸಂಜೆ ಹಾಗೇ ಕಳೆದುಹೋಗುತ್ತದೆ.

ಹೋದ ಶುಕ್ರವಾರ ಎಲ್ಲರನ್ನೂ ಸಾಲಾಗಿ ಕೂರಿಸಿ ಒಬ್ಬೊಬ್ಬರ ಮೂಡ್ ವಿಚಾರಿಸಿದೆ.

“ನನಗ ಎದಿ ತುಂಬಿ ಬರೂವಂಥಾದ್ದು ಹಾಕವಾ. ಚಂದಂಗ ಒಂದ್ ಸಲ ಅಳಬೇಕು ನೋಡು,” ಎಂದರು ಅತ್ತೆ. ನಮ್ಮತ್ತೆಗೆ ಯಾವ ದುಃಖವೂ ಇಲ್ಲ. ಅದೇ ಅವರ ದುಃಖ.

“ತಲಿಗೆ ಕೆಲಸ ಕೊಡಬ್ಯಾಡ. ಕಡೀಕ ಒಂದು ಹೊಡೆದಾಟ ಇದ್ರ ಸಾಕು,” ಎಂದರು ಇವರು.

“ಎನಿಥಿಂಗ್ ಫನ್ನಿ ಈಸ್ ಫೈನ್, ಅಮ್ಮಾ,” ಎಂದಳು ಮಗಳು, ಫೋನಿನಿಂದ ಕಣ್ಣೆತ್ತದೆ.

ಅಳು, ಹೊಡೆದಾಟ, ನಗು. ನನ್ನ ಪಾಂಡಿತ್ಯವೂ ಕೈಚೆಲ್ಲಿತು. ಆಗ ಅನಘಾ ತನ್ನ ಫೋನಿನ ಹೊಸ ಆ್ಯಪೊಂದನ್ನು ತೋರಿಸಿದಳು. ಮೂಡ್ ಬರೆದರೆ ಅದೇ ಸಿನಿಮಾ ಹುಡುಕಿ ಕೊಡುತ್ತದಂತೆ. ನನಗೆ ಮೊದಲು ರೇಗಿತು. ಇಷ್ಟು ವರ್ಷದ ನನ್ನ ಅನುಭವವೆಲ್ಲಿ, ನಿನ್ನೆ ಮೊನ್ನೆಯ ಈ ಆ್ಯಪೆಲ್ಲಿ! ಆದರೂ ಮೂವರ ಬೇಡಿಕೆಯನ್ನೂ ಟೈಪ್ ಮಾಡಿದೆವು. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಕನ್ನಡ ಸಿನಿಮಾ ಮುಂದಿಟ್ಟಿತು. ಅಣ್ಣ ತಮ್ಮ ಸೇರಿ ಒಂದು ಲಡಕಾಸಿ ಬಸ್ಸು ಓಡಿಸುವ ಕಥೆ, ನಗು ಅಳು ಎರಡೂ ಉಂಟು, ಕೊನೆಯಲ್ಲಿ ಫೈಟೂ ಉಂಟು. ಹೆಸರು ಎಲ್ಲೋ ಕೇಳಿದ ಹಾಗಿತ್ತು. ಈಗಿನ ಸಿನಿಮಾಗಳ ಹೆಸರೆಲ್ಲ ಒಂದೇ ಥರ ಇರುತ್ತವಲ್ಲ, ಅದಕ್ಕಿರಬೇಕು ಎಂದುಕೊಂಡೆ. ಯಾರೂ ತಕರಾರು ಎತ್ತಲಿಲ್ಲ. ನಮ್ಮ ಮನೆಯಲ್ಲಿ ಹೀಗಾಗಿದ್ದು ಅದೇ ಮೊದಲು! ಖುಷಿಯ ಭರದಲ್ಲಿ ರಿಮೋಟಿನಲ್ಲಿ ವಾಲ್ಯೂಮ್ ಬದಲು ಇನ್ನೇನನ್ನೋ ಒತ್ತಿದೆ.

ಸಿನಿಮಾ ಶುರುವಾದದ್ದೇ ತಡ, ನನ್ನ ಪ್ರತಿಭೆ ಉಕ್ಕಿ ಹರಿಯತೊಡಗಿತು. “ನೋಡ್ತಿರಿ, ಈಗ ಬಸ್ಸು ಮದುವೆ ಚಪ್ಪರದೊಳಗೇ ನುಗ್ಗುತ್ತೆ,” ಎಂದೆ. ನುಗ್ಗಿತು. “ಈ ಅಜ್ಜಿ ಟಿಕೆಟ್ ತಗೊಳಲ್ಲ, ಮೇಕೆಗೆ ಮಾತ್ರ ತಗೊಳ್ತಾಳೆ,” ಎಂದೆ. ಹಾಗೇ ಆಯಿತು. ಮಗಳು ಫೋನ್ ಕೆಳಗಿಟ್ಟಳು. “ಅಮ್ಮಾ, ಹೌ ಆರ್ ಯು ಡೂಯಿಂಗ್ ದಿಸ್?” ಎಂದಳು. ಇವರ ನಿದ್ದೆಯೂ ಹಾರಿಹೋಗಿ, ನನ್ನನ್ನು ಮದುವೆಯಾದ ಹೊಸದರಲ್ಲಿ ನೋಡುತ್ತಿದ್ದ ಹಾಗೆ ನೋಡತೊಡಗಿದರು. “ಎಷ್ಟು ವರ್ಷದಿಂದ ನೋಡ್ತಿದ್ದೀನಿ! ಡೈರೆಕ್ಟರ್ ಮನಸ್ಸಲ್ಲಿ ಏನಿದೆ ಅಂತ ಗೊತ್ತಾಗಿಬಿಡುತ್ತೆ,” ಎಂದು ನಾನು ಬೀಗಿದೆ. ನಕ್ಕೂ ನಕ್ಕೂ ಎಲ್ಲರ ಹೊಟ್ಟೆ ಹುಣ್ಣಾಯಿತು. ಅಷ್ಟರಲ್ಲಿ ತೆರೆಯ ಮೇಲೆ ‘ವಿರಾಮ’ ಎಂದು ಬಂತು.

ವಿರಾಮದ ನಂತರ ಯಾಕೋ ನನ್ನ ಭವಿಷ್ಯವೆಲ್ಲ ಸುಳ್ಳಾಗತೊಡಗಿತು. ಆಗ ಅತ್ತೆ ಕಣ್ಣಿಗೆ ಸೆರಗು ಹಚ್ಚಿಕೊಂಡು, “ಆ ಅಣ್ಣ ಇನ್ನ ಉಳಿಯೂದಿಲ್ಲವಾ,” ಎಂದರು.

“ಏನತ್ತೆ ನೀವು, ಇದು ಕಾಮಿಡಿ ಸಿನಿಮಾ!” ಎಂದು ನಕ್ಕೆ. ಅಣ್ಣ ಸತ್ತೇಹೋದ.

ಇವರು ಎದ್ದು ಕೂತರು. “ಈಗ ತಮ್ಮ ಬಸ್ ಡಿಪೋಕ್ಕ ಹೋಗಿ ಎಲ್ಲಾರನ್ನೂ ಹೊಡೀತಾನ ನೋಡು.” ತಮ್ಮ ಹೋದ, ಹೊಡೆದ.

ಒಂದೇ ಮನೆಯಲ್ಲಿ ಮೂವರು ಜ್ಯೋತಿಷಿಗಳು! ಅನಘಾ ಸಿನಿಮಾ ನಿಲ್ಲಿಸಿ ಟಿವಿಯಲ್ಲಿ ನಾವು ಹಿಂದೆ ನೋಡಿದ ಸಿನಿಮಾಗಳ ಪಟ್ಟಿ ತೆಗೆದು ನೋಡಿದಳು. ಆಮೇಲೆ ನಮ್ಮೆಲ್ಲರ ಕಡೆ ತಿರುಗಿ, “ಗೈಸ್, ವಿ ವಾಚ್ಡ್ ದಿಸ್ ಇನ್ ವಿಂಟರ್,” ಎಂದಳು.

ಎಲ್ಲ ನೆನಪಾಯಿತು. ಅವತ್ತು ಅತ್ತೆ ಬಂದು ವಾರವಾಗಿತ್ತಷ್ಟೆ. ಇಲ್ಲಿ ಶುಕ್ರವಾರ ಸಂಜೆಯೆಂದರೆ ಧಾರವಾಡದಲ್ಲಿ ಶನಿವಾರ ಬೆಳಗು. ಅತ್ತೆ ತಂಗಿಗೆ ಫೋನ್ ಮಾಡಿ ಮುಗಿಸಿ ಬಂದು ಕೂರುವ ಹೊತ್ತಿಗೆ ಅರ್ಧ ಸಿನಿಮಾ ಆಗಿತ್ತು. ಇವರು ಟೇಲರ್‌ನಿಂದ ಬರುತ್ತಾ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಫೈಟಿನ ಹೊತ್ತಿಗೆ ಬಾಗಿಲು ತೆರೆದಿದ್ದರು. ಮಗಳು ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಮೈಯಷ್ಟನ್ನೇ ಸೋಫಾದಲ್ಲಿ ಇಟ್ಟಿದ್ದಳು. ಮೊದಲರ್ಧವನ್ನು ನೋಡಿದ್ದು ನಾನೊಬ್ಬಳೇ. ವಿರಾಮ ಬಂದದ್ದೇ ನಿದ್ದೆಗೆ ಜಾರಿದ್ದೆ.

ಬೇರೆ ಹಾಕೋಣವೇ ಎಂದು ನಾನು ಅಳುಕುತ್ತಲೇ ಕೇಳಿದೆ. “ನೋ ವೇ! ಐ ಡೋಂಟ್ ನೋ ದಿ ಎಂಡಿಂಗ್,” ಎಂದಳು ಮಗಳು. ಉಳಿದದ್ದನ್ನು ಕೊನೆಯವರೆಗೂ ನೋಡಿದೆವು. ಕಡೆಯ ದೃಶ್ಯದಲ್ಲಿ ತಮ್ಮ ಒಬ್ಬನೇ ಬಸ್ಸು ಹೊರಡಿಸುವಾಗ ಅನಘಾ ನನ್ನ ತೋಳಿಗೆ ಆತುಕೊಂಡು ಸದ್ದಿಲ್ಲದೆ ಅಳುತ್ತಿದ್ದಳು. ನಾನೂ ಅತ್ತುಬಿಟ್ಟೆ. ನಾಲ್ವರೂ ಸೇರಿ ಪೂರ್ತಿ ನೋಡಿದ ಸಿನಿಮಾ ಅಂತ ಒಂದಾಯಿತಲ್ಲ ಎಂದು ಎಷ್ಟು ಸಂತೋಷವಾಯಿತೆಂದರೆ, ಮೂಗು ಒರೆಸಿಕೊಳ್ಳುತ್ತಲೇ ನಗು ಬಂತು.

ಆಗಲೇ ಇನ್ನೊಂದು ವಿಷಯ ನೆನಪಾದದ್ದು. ಸುಧಾಳ ತಂದೆಯ ಹುಟ್ಟುಹಬ್ಬಕ್ಕೆ ನಾನು ಹೇಳಿದ್ದು ಇದೇ ಸಿನಿಮಾ! ತಕ್ಷಣ ಅವಳಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ.

“ಎರಡನೇ ಅರ್ಧ ಈಗ ನೋಡಿದ್ಯಾ?” ಎಂದಳು ಸುಧಾ. “ಕೇಕ್ ಕಟ್ ಮಾಡ್ಬೇಕಾದೋರೆಲ್ಲ ಗೊಳೋ ಅಂತ ಅಳ್ತಾ ಕೂತಿದ್ವಿ ಕಣೇ. ನಿನ್ನ ಸಿನಿಮಾ ಇನ್ಮೇಲೆ ನಮ್ಮನೇಲಿ ಬೇಡ ಅಂದಿದಾರೆ ನಮ್ಮನೆಯವರು.”

“ಅಂಕಲ್‌ಗೆ ತುಂಬಾ ಬೇಜಾರಾಯ್ತಾ?”

“ಅಪ್ಪಂಗಾ? ಇಂಟರ್ವಲ್ ಹೊತ್ತಿಗೇ ಗೊರಕೆ. ಇಂಥ ಕಾಮಿಡಿ ಜನ್ಮದಲ್ಲೇ ನೋಡಿಲ್ಲ, ಆ ಹುಡುಗೀನ ಕೇಳಿ ಇನ್ನೊಂದು ಹಾಕು ಅಂತ ಅವತ್ತಿಂದ ಪ್ರಾಣ ತಿಂತಿದಾರೆ.”

ನನಗೆ ಹೋದ ಜೀವ ಬಂತು. ಇಡೀ ಟೆಕ್ಸಾಸಿನಲ್ಲಿ ನನ್ನ ಅಭಿರುಚಿಯನ್ನು ಸರಿಯಾಗಿ ಅರ್ಥಮಾಡಿಕೊಂಡವರು ಒಬ್ಬರಾದರೂ ಇದ್ದಾರೆ! “ಅಂಕಲ್‌ಗೆ ಹೇಳು, ಇನ್ನೊಂದಿದೆ, ನಕ್ಕು ನಕ್ಕು ಸಾಕಾಗುತ್ತೆ,” ಎಂದು ಉತ್ಸಾಹದಿಂದ ಶುರುಮಾಡಿದೆ.

“ಅಮ್ಮಾ,” ಎಂದಳು ಮಗಳು ಸೋಫಾದಿಂದ, “ಡಿಡ್ ಯು ಫಿನಿಶ್ ದಟ್ ಒನ್?”

ನಾನು ಕೇಳಿಸದವಳಂತೆ ಫೋನ್ ಹಿಡಿದುಕೊಂಡು ಅಡುಗೆಮನೆಗೆ ಹೋದೆ.