ಜಿಪ್ಪಿನ ಗವಸು

ಕರೆಂಟು ಹೋದಾಗ ಓನೆಲಿಯೋ ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕೀಳಲಿಲ್ಲ. ಆ ದಿನದ ತಾಪತ್ರಯವೆಲ್ಲ ಶುರುವಾದದ್ದು ಅಲ್ಲಿಂದ.

ಸಾಂತಿಯಾಗೋದಲ್ಲಿ ಕರೆಂಟು ಹೋದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಬಂದರೆ ಮಾತ್ರ ಇಡೀ ಬೀದಿ ಕೂಗುತ್ತದೆ. ಇಸ್ತ್ರಿಪೆಟ್ಟಿಗೆ ಹೇಗಿತ್ತೋ ಹಾಗೇ ಬಿಟ್ಟು ಓನೆಲಿಯೋ ಬ್ರೆಡ್ಡಿನ ಸಾಲಿಗೆ ಹೋಗಿ ನಿಂತಿದ್ದ. "ಬಂತು! ಬಂತು!" ಎಂದು ಬೀದಿ ಕೂಗಿದಾಗ ಎಲ್ಲರ ಜೊತೆ ಅವನೂ ಚಪ್ಪಾಳೆ ತಟ್ಟಿದ. ತಟ್ಟುತ್ತಿದ್ದ ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ಬ್ರೆಡ್ಡು ಬಿಟ್ಟು ಮನೆಗೆ ಓಡಿದ.

ಷರಟಿಗೆ ಏನೂ ಆಗಿರಲಿಲ್ಲ. ಷರಟಿನ ಪಕ್ಕ, ಮೇಜಿನ ಮೇಲೆ ಮೆತ್ತಗಿರಲಿ ಎಂದು ಅವನು ಹಾಸಿಕೊಂಡಿದ್ದ ಪುಟ್ಟ ಹಾಸಿಗೆ ಹೊಗೆಯಾಡುತ್ತಿತ್ತು. ಪೆಟ್ಟಿಗೆ ಎತ್ತಿ ನೋಡಿದರೆ ನೀಲಿ ಪಟ್ಟೆಯ ಬಟ್ಟೆಯ ನಟ್ಟನಡುವೆ ಚೂಪು ಮೂತಿಯ ಕಂದು ದೋಣಿಯೊಂದು ಲಂಗರು ಹಾಕಿ ನಿಂತಿದೆ.

ಹಾಸಿಗೆ ಅವನದಾಗಿದ್ದರೆ ಬೈದುಕೊಂಡು ಸುಮ್ಮನಾಗುತ್ತಿದ್ದ. ಅದು ದೊಡ್ಡಮ್ಮನದು. ಎಂಗ್ರಾಸಿಯಾ ಎಂಬ ಹೆಸರಿದ್ದರೂ ವಠಾರಕ್ಕೆಲ್ಲ ಆಕೆ ದೊಡ್ಡಮ್ಮ. ತನ್ನ ಮಕ್ಕಳು ಮಲಗಿದ ತೊಟ್ಟಿಲ ಹಾಸಿಗೆಯನ್ನು ವಠಾರದಲ್ಲಿ ಹುಟ್ಟುವ ಕೂಸುಗಳಿಗೆಲ್ಲ ಮನೆಯಿಂದ ಮನೆಗೆ ಕಳಿಸುವವಳು ಆಕೆ. ಓನೆಲಿಯೋನ ಮಗ ಈಗ ಅದರ ಉದ್ದ ಮೀರಿ ಬೆಳೆದಿದ್ದ. ಆ ಸಂಜೆ ಮೂಲೆಮನೆಯ ಯಾನೆಲಿಸ್ ಹೊಸ ಮಗುವಿನೊಂದಿಗೆ ಆಸ್ಪತ್ರೆಯಿಂದ ಬರುವವಳಿದ್ದಳು. "ಹಾಸಿಗೆ ಬಿಸಿಲಿಗೆ ಹಾಕಿ ದೊಡ್ಡಮ್ಮನಿಗೆ ಒಪ್ಪಿಸಿ, ಬೇರೆ ಏನೂ ಮಾಡೋಕೆ ಹೋಗ್ಬೇಡಿ," ಎಂದು ಹೇಳಿ ಹೆಂಡತಿ ಮಗನನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಅವನು ಬೇರೆ ಏನೋ ಮಾಡಿಬಿಟ್ಟಿದ್ದ.

ವಠಾರದ ನೀರಿನ ತೊಟ್ಟಿಯೂ ದೊಡ್ಡಮ್ಮನದೇ. ಅದರ ನಲ್ಲಿಗೆ ಬೀಗ. ಆಕೆಗೆ ಬೇಕಾದವರ ಮನೆಗೆ ಒಂದೊಂದು ಬೀಗದ ಕೈ. ಹಿಂದೊಮ್ಮೆ ಆಕೆಯ ಹೂವಿನ ಕುಂಡ ಒಡೆದ ಕ್ಷೌರಿಕ ಸೆಲ್ಸೋ ಅವತ್ತೇ ಬೀಗದ ಕೈ ಕಳೆದುಕೊಂಡ. ಇವತ್ತಿಗೂ ಅವನು ಇಳಿಜಾರಿನ ಕೆಳಗಿರುವ ಬೀದಿ ನಲ್ಲಿಯಿಂದ ಬಕೆಟ್ಟು ಹೊರುತ್ತಾನೆ. ಒಂದು ಭುಜ ಇನ್ನೊಂದಕ್ಕಿಂತ ಕೆಳಗಿಳಿದಿದೆ. ಕುಂಡಕ್ಕೇ ಹಾಗಾದರೆ ಹಾಸಿಗೆಗೆ?

ಬಾಗಿಲಲ್ಲಿ ದಬದಬ ಸದ್ದಾಯಿತು.

"ಓನೆಲಿಯೋ! ಏನಯ್ಯಾ, ಸುಟ್ಟ ವಾಸನೆ?"

ದೊಡ್ಡಮ್ಮ! ಓನೆಲಿಯೋ ಹಾಸಿಗೆಯನ್ನು ಕುರ್ಚಿಯ ಮೇಲೆಸೆದು ಕಂದು ದೋಣಿಯ ಮೇಲೆ ಕೂತುಬಿಟ್ಟ. ಬಿಸಿ ಇನ್ನೂ ಆರಿರಲಿಲ್ಲ. ಅಷ್ಟರಲ್ಲಿ ಆಕೆ ಬಾಗಿಲು ತಳ್ಳಿಕೊಂಡು ಒಳಗೇ ಬಂದಳು.

"ಕಾ... ಕಾಫಿ ಬೀಜ ಹುರೀತಿದ್ದೆ ದೊಡ್ಡಮ್ಮಾ."

"ಕಣ್ಣಲ್ಲಿ ನೀರ್ಯಾಕೋ?"

"ಹೊಗೆ."

"ಹಾಸಿಗೆ ಕೊಡು, ಒಂದ್ಸಲ ನೋಡ್ತೀನಿ."

ಕೆಳಗಿನ ಬಿಸಿಗೋ ಮೇಲಿನ ಭಯಕ್ಕೋ ಓನೆಲಿಯೋನ ಬಾಯಿಂದ ಸುಳ್ಳೊಂದು ತಾನಾಗಿ ಹಾರಿತು. "ಈಗ ಬೇಡ! ಅದಕ್ಕೊಂದು ಹೊಸ ಗವಸು ಹೊಲೀತಿದೀನಿ. ಕೂಸಿಗೆ ಉಡುಗೊರೆ."

ದೊಡ್ಡಮ್ಮನ ಮುಖ ಹಿಗ್ಗಿತು. "ಅಂಚೆ ಕಚೇರೀಲಿ ಮುದ್ರೆ ಒತ್ತೋ ಕೈ ಸೂಜಿ ಹಿಡೀತಾ! ಹಂಗಾದ್ರೆ ಜಿಪ್ಪು ಹಾಕು. ಕೂಸಿನ ಗವಸು ಬಿಚ್ಚಿ ಒಗೆಯೋ ಹಂಗಿರಬೇಕು. ನಮ್ಮೆಜಮಾನ್ರ ಹಳೇ ಸೂಟ್‌ಕೇಸಿಂದು ಉದ್ದನೆ ಜಿಪ್ಪಿದೆ, ತಂದುಕೊಡ್ತೀನಿ."

ಬೇಡ ಎನ್ನುವುದರೊಳಗೆ ಜಿಪ್ಪು ಬಂದೇ ಬಂತು.

ಓನೆಲಿಯೋ ಲೆಕ್ಕ ಹಾಕಿದ. ಗವಸು ಹಾಕಿ, ಸುಟ್ಟ ಕಡೆ ಕೆಳಗೆ ಮಾಡಿ ಒಪ್ಪಿಸಿಬಿಟ್ಟರೆ ಸಂಜೆ ದಾಟುತ್ತದೆ. ಒಗೆಯಲು ಬಿಚ್ಚುವ ಹೊತ್ತಿಗೆ ಹಾಸಿಗೆ ಯಾನೆಲಿಸ್ ಮನೆಯಲ್ಲಿ ಹಳೆಯದಾಗಿರುತ್ತದೆ. ಯಾವಾಗ ಸುಟ್ಟಿತು, ಯಾರು ಸುಟ್ಟರು, ಯಾರಿಗೆ ಗೊತ್ತು? ಚೌಕುಳಿ ಹೊದಿಕೆಯೊಂದನ್ನು ಹುಡುಕಿ, ಹಾಸಿಗೆಯನ್ನು ಸುರುಳಿ ಸುತ್ತಿ, ಹೊಲಿಗೆ ಮಿಷನ್ನಿದ್ದ ಪಕ್ಕದ ಮನೆಯ ಮಿಗ್ದಾಲಿಯಾಳ ಬಾಗಿಲಿಗೆ ಹೋದ. ಅವಳ ಮಗಳು ಮಲಗಿದ್ದೂ ಇದೇ ಹಾಸಿಗೆಯಲ್ಲಿ. ಓನೆಲಿಯೋನ ಮನೆಗೆ ಅದು ಬಂದದ್ದು ಅವಳ ಕೈಯಿಂದಲೇ.

"ಗವಸಾ? ಹೊಲಿ, ಹೊಲಿ, ಒಳ್ಳೇ ಕೆಲಸ," ಎಂದಳು ಮಿಗ್ದಾಲಿಯಾ. ಜಿಪ್ಪು ಕಂಡದ್ದೇ ಅವಳ ಕೈಯ ಕಾಫಿ ಲೋಟ ತುಳುಕಿತು. "ಅಯ್ಯೋ, ಇದ್ಯಾಕೆ? ಸುತ್ತ ಹೊಲಿದು ಬಾಯಿ ಮುಚ್ಚಿಬಿಡು ಮಾರಾಯಾ!"

"ದೊಡ್ಡಮ್ಮ ಹೇಳಿದ್ದಾರೆ ಅಕ್ಕಾ."

"ದೊಡ್ಡಮ್ಮ ಸಾವಿರ ಹೇಳ್ತಾರೆ. ಮತ್ತೆ ನೋಡು, ಒಳಗಿನ ಪಟ್ಟೆ ಬಟ್ಟೆ ಮಾತ್ರ ಬಿಚ್ಚಬೇಡ. ಅದರ ಮೇಲೇ ಹಾಕು."

ಗದ್ದಲ ಕೇಳಿ ಎದುರುಮನೆಯ ಮುದುಕ ರೊಸೆಂದೋ ಡಾಮಿನೋ ಆಟ ಅರ್ಧಕ್ಕೆ ಬಿಟ್ಟು ಚುಟ್ಟಾ ಕಚ್ಚಿಕೊಂಡೇ ಬಂದ. ಅವನ ಮೊಮ್ಮಗನೂ ಒಂದು ಕಾಲಕ್ಕೆ ಇದೇ ಹಾಸಿಗೆಯ ಕೂಸು.

"ಜಿಪ್ಪಾ!" ಎಂದು ಅವನು ಹಾವು ಕಂಡವನಂತೆ ಹಿಂದೆ ಸರಿದ. "ನೋಡಪ್ಪಾ, ನಾನು ಹಿರಿಯ, ನನ್ನ ಮಾತು ಕೇಳು. ಎರಡೆಳೆ ದಾರ ತಗೊಂಡು ಗಟ್ಟಿಯಾಗಿ ಹೊಲಿದುಬಿಡು. ಬಿಚ್ಚೋಕೆ ಬರೋ ವಸ್ತು ಸಂಸಾರಕ್ಕೆ ಒಳ್ಳೇದಲ್ಲ."

ಹಾಸಿಗೆಗೂ ಸಂಸಾರಕ್ಕೂ ಏನು ಸಂಬಂಧ ಎಂದು ಕೇಳಲು ಓನೆಲಿಯೋಗೆ ಪುರುಸೊತ್ತಿರಲಿಲ್ಲ. ಅಳತೆ ಹಿಡಿದು ಕತ್ತರಿಸಿದ. ಹಾಸಿಗೆ ಒಳಗೆ ಹೋಗಲೇ ಇಲ್ಲ. ಒತ್ತಿ ತುರುಕಿದರೆ ಬಾಳೆಹಣ್ಣಿನ ಹಾಗೆ ಬಾಗಿ ನಿಂತಿತು. ಬೇರೆ ಹಾಸಿಗೆಗಳು ವರ್ಷ ಹೋದಂತೆ ಸವೆದು ತೆಳ್ಳಗಾಗುತ್ತವೆ, ಇದು ಮಾತ್ರ ದೊಡ್ಡಮ್ಮನ ಹಾಗೆ ವರ್ಷಕ್ಕಿಷ್ಟು ದಪ್ಪವಾಗುತ್ತ ಬಂದಿತ್ತು. ಪಕ್ಕಕ್ಕೆ ಬೇರೆ ಪಟ್ಟಿ ಕೊಟ್ಟು ಮತ್ತೆ ಹೊಲಿದ. ಜಿಪ್ಪಿನ ಹಲ್ಲಿಗೆ ಬಡಿದು ಸೂಜಿ ಮುರಿಯಿತು. ಮಿಗ್ದಾಲಿಯಾ ಇನ್ನೊಂದು ಸೂಜಿ ಹುಡುಕುತ್ತೇನೆಂದು ಹೋದವಳು ಆರಾಮವಾಗಿ ಹುಡುಕಿದಳು. ಜಿಪ್ಪು ಕೂಡಿಸಿ ನೋಡಿದರೆ ಎಳೆಯುವ ಬಿಲ್ಲೆ ಒಳಬದಿಗೆ ಸೇರಿಕೊಂಡಿದೆ! ಬಿಚ್ಚಿದ, ತಿರುಗಿಸಿದ, ಮತ್ತೆ ಹೊಲಿದು ಎದ್ದ. ಗವಸೂ ಜೊತೆಗೆದ್ದು ಬಂತು: ತಾನು ತೊಟ್ಟ ಷರಟಿನ ಅಂಚನ್ನೂ ಸೇರಿಸಿ ಹೊಲಿದಿದ್ದ. ಮತ್ತೆ ಬಿಚ್ಚಿದ. ಬಿಸಿಲು ಆಗಲೇ ಅಂಗಳ ದಾಟಿ ಗೋಡೆ ಹತ್ತುತ್ತಿತ್ತು.

ಕೊನೆಗೂ ಹಾಸಿಗೆ ಗವಸಿನೊಳಗೆ ಕೂತಿತು. ಜಿಪ್ಪು ಮಾತ್ರ ಅರ್ಧಕ್ಕೆ ಬಂದು ಹಟ ಹಿಡಿಯಿತು.

"ಆಹಾ, ಸರಿಯಾಗಿ ಸಿಕ್ಕಿಕೊಂಡಿದೆ!" ಎಂದ ರೊಸೆಂದೋ ಸಂತೋಷದಿಂದ. "ಇಬ್ಬರೂ ಸೇರಿ ಕೊನೇತನಕ ಎಳೆದುಬಿಡೋಣ. ಆಮೇಲೆ ಆ ದೇವರು ಬಂದರೂ ಅದನ್ನ ಬಿಚ್ಚೋಕಾಗಲ್ಲ."

ಆದರೆ ಓನೆಲಿಯೋ ಅರೆಬರೆ ಕೆಲಸದವನಲ್ಲ. ಅಂಚೆ ಕಚೇರಿಯಲ್ಲಿ ಮುದ್ರೆ ಮಸುಕಾಗಿ ಬಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಒತ್ತಿದ ಮೇಲೆ ಪ್ರತಿ ಮುದ್ರೆಯನ್ನೂ ಗಟ್ಟಿಯಾಗಿ ಓದಿಯೇ ಮುಂದಿನದಕ್ಕೆ ಹೋಗುವವನು. ಮೋಂಬತ್ತಿಯ ತುಂಡು ಹುಡುಕಿ ಜಿಪ್ಪಿನ ಹಲ್ಲಿಗೆಲ್ಲ ತಿಕ್ಕಿದ. ಆಮೇಲೆ ಬಿಲ್ಲೆ ಹಿಡಿದು ಎಳೆದರೆ ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ಸರ್ರನೆ ಆ ತುದಿ, ಸರ್ರನೆ ಈ ತುದಿ. ಮಿಗ್ದಾಲಿಯಾ, ರೊಸೆಂದೋ ಮುಖ ಮುಖ ನೋಡಿಕೊಂಡರು.

ಬೀದಿಯಲ್ಲಿ ಕಾರಿನ ಹಾರ್ನು. ಯಾನೆಲಿಸ್ ಬಂದಿದ್ದಳು.

ತೊಟ್ಟಿಲ ಸುತ್ತ ವಠಾರವೆಲ್ಲ ಸೇರಿತ್ತು. ಓನೆಲಿಯೋ ಸುಟ್ಟ ಕಡೆ ಕೆಳಗೆ ಮಾಡಿ ಹಾಸಿಗೆ ಇಟ್ಟು ಪಕ್ಕಕ್ಕೆ ಸರಿದ.

"ನೋಡಮ್ಮಾ ಯಾನೆಲಿಸ್, ನಮ್ಮ ಓನೆಲಿಯೋ ಹೊಲಿದದ್ದು," ಎಂದಳು ದೊಡ್ಡಮ್ಮ ಹೆಮ್ಮೆಯಿಂದ. "ಜಿಪ್ಪು ಬೇರೆ! ಹೆಂಗೆ ಬಿಚ್ಚೋದು ತೋರಿಸ್ತೀನಿ ಇರು."

"ಬೇಡ!" ಎಂದು ಮೂರು ಗಂಟಲು ಒಟ್ಟಿಗೆ ಕೂಗಿದವು.

ಬೆರಳ ತುದಿ ಸೋಕಿದ್ದಷ್ಟೇ, ಜಿಪ್ಪು ಸರ್ರನೆ ಬಿಚ್ಚಿಕೊಂಡಿತು. ದೊಡ್ಡಮ್ಮ ಹಾಸಿಗೆ ಹೊರಗೆಳೆದು ತಿರುಗಿಸಿದಳು. ಕಂದು ದೋಣಿ ಎಲ್ಲರಿಗೂ ದರ್ಶನ ಕೊಟ್ಟಿತು.

"ಕಾಫಿ ಬೀಜ ಹುರಿದದ್ದು ಇದರ ಮೇಲೇನೋ?"

ದೊಡ್ಡಮ್ಮ ಸುಟ್ಟ ಜಾಗವನ್ನು ಉಗುರಿನಿಂದ ಕೆರೆದಳು. ಪಟ್ಟೆ ಬಟ್ಟೆ ಹಪ್ಪಳದಂತೆ ಪುಡಿಯಾಗಿ, ಒಳಗಿಂದ ಕೆಂಪು ಹೂವಿನ ಬಟ್ಟೆ ಇಣುಕಿತು. ಪಟ್ಟೆ ಬಟ್ಟೆಯನ್ನು ಹಿಡಿದೆಳೆದರೆ ಒಂದು ತುಂಡು ಹಳೇ ಕಂಬಳಿ, ಅದರ ಕೆಳಗೆ ಹೂವುಗಳ ಮೇಲೆ ಹರಡಿಕೊಂಡ ದೊಡ್ಡ ಕಾಫಿ ಕಲೆ.

"ಮಿಗ್ದಾಲಿಯಾ!"

ಮಿಗ್ದಾಲಿಯಾ ಮಗುವಿನ ಕಾಲ್ಬೆರಳುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

ದೊಡ್ಡಮ್ಮ ಹೂವಿನ ಬಟ್ಟೆಯನ್ನೂ ಸೀಳಿದಳು. ಇನ್ನೊಂದು ತುಂಡು ಕಂಬಳಿ. ಅದರ ಕೆಳಗೆ ದಪ್ಪ ಗೋಣಿಬಟ್ಟೆ, ಅದರಲ್ಲಿ ಅಂಗೈ ಅಗಲದ ತೂತು, ತೂತಿನ ಅಂಚೆಲ್ಲ ಕಪ್ಪು. ಎಲ್ಲರ ಕಣ್ಣೂ ರೊಸೆಂದೋನ ಬಾಯಲ್ಲಿದ್ದ ಚುಟ್ಟಾದ ಕಡೆ ತಿರುಗಿದವು. ಅವನು ಅದನ್ನು ಮೆಲ್ಲಗೆ ಬೆನ್ನ ಹಿಂದೆ ಮಾಡಿದ.

ಓನೆಲಿಯೋಗೆ ಹೋದ ಜೀವ ಬಂದಂತಾಯಿತು. ಮೂವರಲ್ಲಿ ಒಬ್ಬ ತಾನು! ಎಲ್ಲರ ಬೀಗದ ಕೈ ಕಿತ್ತುಕೊಂಡರೆ ವಠಾರದ ತೊಟ್ಟಿ ಯಾರಿಗೆ?

ಅಷ್ಟರಲ್ಲಿ ವಿಚಿತ್ರವೊಂದು ನಡೆಯಿತು. ಗೋಣಿಬಟ್ಟೆ ಕಂಡ ದೊಡ್ಡಮ್ಮ ಇದ್ದಕ್ಕಿದ್ದಂತೆ ತಣ್ಣಗಾದಳು. "ಸಾಕು, ಸಾಕು. ಎಲ್ಲಾರ ಕೈಲೂ ತಪ್ಪಾಗುತ್ತೆ. ಒಳಗೆ ಹಾಕಿ, ಜಿಪ್ಪೆಳೀರಿ."

ಓನೆಲಿಯೋ ಉತ್ಸಾಹದಿಂದ ಮುಂದೆ ಬಂದು ಬಗ್ಗಿದ. ಚುಟ್ಟಾ ಮಾಡಿದ ತೂತಿನೊಳಗೆ, ಹಾಸಿಗೆಯ ಮೂಲ ಬಿಳಿ ಬಟ್ಟೆಯ ಮೇಲೆ, ನೇರಳೆ ಶಾಯಿಯ ಮುದ್ರೆಯೊಂದು ಕಂಡಿತು. ಎಂಥ ಮುದ್ರೆ! ಒಂದಕ್ಷರವೂ ಮಸುಕಾಗಿಲ್ಲ. ಅಭ್ಯಾಸಬಲ. ಅವನ ಬಾಯಿ ತಾನಾಗಿ ತೆರೆದುಕೊಂಡಿತು.

"'ಹೆರಿಗೆ ಆಸ್ಪತ್ರೆಯ ಸ್ವತ್ತು. ಹೊರಗೆ ಒಯ್ಯಕೂಡದು.'"

ರೊಸೆಂದೋ ಸೂರು ನೋಡಿದ. ದೊಡ್ಡಮ್ಮ ಗೋಣಿ ಹೊಲಿದು ಮುಚ್ಚಿದ್ದು ಏನನ್ನು ಎಂದು ತೂತು ಮಾಡಿದವನಿಗೆ ಅಂದಿನಿಂದಲೇ ಗೊತ್ತಿತ್ತು.

ದೊಡ್ಡಮ್ಮ ಹಾಸಿಗೆಯನ್ನು ತಾನೇ ಗವಸಿಗೆ ತುರುಕಿ ಜಿಪ್ಪು ಎಳೆದಳು. ಆಮೇಲೆ ಓನೆಲಿಯೋನ ಮುಂದೆ ಅಂಗೈ ಚಾಚಿದಳು.

"ಬೀಗದ ಕೈ ತೆಗಿ."

"ದೊಡ್ಡಮ್ಮಾ! ಅವರಿಬ್ಬರೂ..."

"ಅವಳು ಚೆಲ್ಲಿದಳು, ಹೊಲಿದು ಮುಚ್ಚಿದಳು. ಅವನು ಸುಟ್ಟ, ಹೊಲಿದು ಮುಚ್ಚಿದ. ಮರ್ಯಾದಸ್ಥರು. ನೀನು?"

"ಜಿಪ್ಪು ಕೊಟ್ಟಿದ್ದು ನೀವೇ ಅಲ್ವಾ?"

"ಕೊಟ್ಟೆ. ಹಂಗೆ ಜಾರೋ ಥರ ಮಾಡು ಅಂದಿದ್ನಾ?"

ಮಿಗ್ದಾಲಿಯಾ ತಲೆಯಾಡಿಸಿದಳು. ರೊಸೆಂದೋ, "ನಾನು ಆಗಲೇ ಹೇಳಿದ್ದೆ," ಎಂದ.

ಜಿಪ್ಪು ಕಿತ್ತು, ಎರಡೆಳೆ ದಾರದಲ್ಲಿ ಗವಸಿನ ಬಾಯಿಯನ್ನು ಗಟ್ಟಿಯಾಗಿ ಹೊಲಿದುಕೊಟ್ಟ ಮೇಲೆ ಓನೆಲಿಯೋ ಎರಡು ಬಕೆಟ್ಟು ಹಿಡಿದು ಇಳಿಜಾರು ಇಳಿದ. ಬೀದಿ ನಲ್ಲಿಯ ಸಾಲಿನಲ್ಲಿ ಸೆಲ್ಸೋ ಇದ್ದ. ಇಳಿದ ಭುಜವನ್ನು ಇನ್ನಷ್ಟು ಇಳಿಸಿ ಅವನಿಗೆ ಜಾಗ ಮಾಡಿಕೊಟ್ಟ.

"ಬಾರಪ್ಪಾ ಬಾ. ನಾನು ಕುಂಡ ಒಡೆದೆ. ನೀನೇನು ಒಡೆದೆ?"

"ಏನೂ ಒಡೀಲಿಲ್ಲ," ಎಂದ ಓನೆಲಿಯೋ ಬಕೆಟ್ಟು ಕೆಳಗಿಟ್ಟು. "ಒಂದೇ ಒಂದು ಸಾಲು ಓದಿದೆ."