ಐವತ್ತು ವ್ಯಾಟಿನ ಮಾಮಾ

ನಮ್ಮ ಸೋದರಮಾವನ ಜೊತೆ ಯಾವ ಮದುವೆಗೂ ಹೋಗಬೇಡಿ. ಮಾನವಂತರಿಗೆ ಹೇಳುತ್ತಿದ್ದೇನೆ!

ಪುಣೆಯ ಒಂದು ಕಾಲೇಜಿನ ಪುಟ್ಟ ರೇಡಿಯೋ ಕೇಂದ್ರದಲ್ಲಿ ಟ್ರಾನ್ಸ್‌ಮಿಟರ್ ನೋಡಿಕೊಳ್ಳುವುದು ಮಾಮಾನ ಕೆಲಸ. ಅದರ ಮೀಟರಿನಲ್ಲಿ ಎರಡು ಸಂಗತಿ ಕಾಣುತ್ತವೆ: ಆಂಟೆನಾಕ್ಕೆ ಎಷ್ಟು ಶಕ್ತಿ ಹೋಯಿತು, ಅಲ್ಲಿಂದ ಎಷ್ಟು ವಾಪಸು ಬಂತು. ಹೋಗುವುದು ಐವತ್ತು ವ್ಯಾಟ್ ಇರಬೇಕು. ವಾಪಸು ಬರುವುದು ಇಲ್ಲವೆನ್ನುವಷ್ಟು ಕಡಿಮೆ. ಇದನ್ನು ಯಂತ್ರದಲ್ಲಿ ನೋಡಿದರೆ ಯಾರ ತಕರಾರೂ ಇಲ್ಲ. ಇವರು ಮನುಷ್ಯರಲ್ಲೂ ನೋಡುತ್ತಾರಲ್ಲ!

ಒಂದು ಮದುವೆಯಲ್ಲಿ ಬೀಗರು ಮೈಕ್ ಹಿಡಿದು ಭಾಷಣ ಬಿಗಿಯುತ್ತಿದ್ದರು. ಮಾಮಾ ಪಂಕ್ತಿಯಿಂದಲೇ ಎದ್ದರು. "ಸಾಹೇಬ್ರ, ನೀವು ಕಳಿಸಿದ್ದು ಪೂರಾ ವಾಪಸ್ ಬರಾಕತ್ತದ ನೋಡ್ರಿ. ಒಬ್ಬರ ಕಿವ್ಯಾಗೂ ಇಳಿದಿಲ್ಲ!" ನಾನು ಶ್ರೀಖಂಡದ ಬಟ್ಟಲು ಹಿಡಿದು ಕಂಬದ ಹಿಂದೆ ಸರಿದೆ. ಅವರು ಬಿಡಬೇಕಲ್ಲ? "ಇಕಿ ನಮ್ಮ ಅಕ್ಕನ ಮಗಳು" ಎಂದು ಅಲ್ಲಿಂದಲೇ ಎಲ್ಲರಿಗೂ ತೋರಿಸಿದರು.

ಆ ಕೇಂದ್ರದ ಭಾನುವಾರದ ಕನ್ನಡ ಕಾರ್ಯಕ್ರಮದಲ್ಲಿ ಮಾತನಾಡಲು ನನಗೆ ಕರೆ ಬಂತು. ಅವ್ವ ಹಿಗ್ಗಿ, ಕಾತ್ರಜದ ನಮ್ಮ ಬಿಲ್ಡಿಂಗಿನವರನ್ನೆಲ್ಲ ಕೇಳಲು ಕರೆದುಬಿಟ್ಟಳು, ಕನ್ನಡ ಬಾರದ ಮರಾಠಿಯವರನ್ನೂ ಬಿಡದೆ! ಆದರೆ ಗುಡ್ಡದ ಮರೆಯಲ್ಲಿರುವ ನಮ್ಮ ಮನೆಯಲ್ಲಿ ಆ ಕೇಂದ್ರ ಹಚ್ಚಿದರೆ ಒಗ್ಗರಣೆ ಸಿಡಿದಂಥ ಸದ್ದಷ್ಟೇ. ಅಷ್ಟು ಮಂದಿಗೆ ಚಟಪಟ ಕೇಳಿಸಿ ಅವ್ವ ಚಹಾ ಕೊಡಬೇಕೆ?

ಕೇಂದ್ರಕ್ಕೇ ಹೋಗಿ ಕೇಳಿದೆ: "ಮಾಮಾ, ಅರ್ಧ ತಾಸು ಪವರ್ ಸ್ವಲ್ಪ ಏರಸ್ರಿ. ಯಾರಿಗೆ ಗೊತ್ತಾಗತದ?"

"ಮೀಟರಿಗೆ ಗೊತ್ತಾಗತದಲ್ಲವಾ! ಲೈಸೆನ್ಸ್ ಐವತ್ತಕ್ಕ ಅದ."

"ಮಂದಿ ಮುಂದ ನಿಮ್ಮ ಅಕ್ಕನ ಮರ್ಯಾದಿ ಹೋಗತದ್ರಿ."

ಮಾಮಾ ಮೀಟರಿನ ಗಾಜು ಒರೆಸತೊಡಗಿದರು. "ನಿಮಗ ಒಡಹುಟ್ಟಿದಾಕಿಗಿಂತ ಈ ಡಬ್ಬೀನ ಹೆಚ್ಚು" ಎಂದು ಕೇಂದ್ರದವರೆಲ್ಲರ ಎದುರಿಗೇ ಅಂದು ಬಂದೆ.

ಭಾನುವಾರ ಹೋದರೆ ಅವರ ಕುರ್ಚಿ ಖಾಲಿ! ಮಗಳ ನಿಶ್ಚಯಕ್ಕೂ ರಜೆ ಹಾಕದ ಮನುಷ್ಯ ಅಂದು ರಜೆ ಹಾಕಿದ್ದರು. ಮುಖ ತೋರಿಸಲಾರದೆ ಅಡಗಿದ್ದಾರೆ ಎಂದುಕೊಂಡೆ. ಮೈಕಿನ ಮುಂದೆ ಕುಳಿತರೂ ನನ್ನ ಕಣ್ಣಿಗೆ ಚಹಾದ ತಟ್ಟೆ ಹಿಡಿದು ಬೆಪ್ಪಾಗಿ ನಿಂತ ಅವ್ವನೇ ಕಾಣುತ್ತಿದ್ದಳು. ಮಾತು ಮುಗಿಸಿ ಹೊರಬಂದವಳೇ ಅವರ ಮೀಟರಿನ ಮುಂದೆ ನಿಂತು ಮಾಮಾನಿಗೆ ಫೋನ್ ಮಾಡಿದೆ.

"ಮೀಟರ್ ಎಷ್ಟದ, ನೋಡಿ ಹೇಳವಾ" ಎಂದರು!

ಮೈಯೆಲ್ಲ ಉರಿಯಿತು. "ಐವತ್ತ ಅದ! ಸಮಾಧಾನ ಆತೇನ್ರಿ? ಎಲ್ಲಿ ಮಾರಿ ಮುಚ್ಚಿಕೊಂಡು ಕುಂತೀರಿ?"

"ಕುಂತಿಲ್ಲವಾ, ನಿಮ್ಮ ಮಾಳಿಗಿ ಮ್ಯಾಲ ನಿಂತೀನಿ. ಅಲ್ಲಿ ಏರ್ಸಾಕ ಬರೂದಿಲ್ಲ, ಅದಕ್ಕ ಇಲ್ಲಿ ದೊಡ್ಡ ಆಂಟೆನಾ ಕಟ್ಟಿ ಅಕ್ಕನ ರೇಡಿಯೋಕ್ಕ ವೈರ್ ಇಳಿಬಿಟ್ಟೀನಿ. ಗಾಳಿಗೆ ಆಂಟೆನಾದ ಪೈಪ್ ಭಾಳ ತಿರಗತದ, ಗಟ್ಟಿ ಹಿಡಕೊಂಡೀನಿ. ಸ್ವಚ್ಛ ಕೇಳಸಾಕತ್ತದಂತ ಅಕ್ಕ ಕೆಳಗಿಂದ ಒದರಿದ್ಲು."

ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. ಡಬ್ಬಿಯ ಮಾತು ಅವರ ಎದೆಗೆ ಎಷ್ಟು ಇಳಿದಿತ್ತೋ, ಒಂದಿಷ್ಟನ್ನೂ ಅವರು ನನಗೆ ವಾಪಸು ಕಳಿಸಲಿಲ್ಲ.

"ಮ್ಯಾಲ ನನಗೇನೂ ಕೇಳಸ್ಲಿಲ್ಲ ತಂಗಿ" ಎಂದರು ಮಾಮಾ. "ನಿನ್ನ ಮಾತು ಮುಗೀತೇನು? ಪೈಪ್ ಬಿಡ್ಲಿ?"