ಐದು ಗಂಟೆ ಹನ್ನೆರಡು ನಿಮಿಷದ ಕೂಗು

ಮಿಲ್ಟನ್ ಬೆಂತಾಂಕುರನ ಮನೆಯ ಕಂಪ್ಯೂಟರ್‌ಗೆ ವಯಸ್ಸಾಗಿತ್ತು. ವಯಸ್ಸು ಮಿಲ್ಟನ್‌ಗೂ ಆಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಬೆಳಗ್ಗೆ ಹಾಸಿಗೆಯಲ್ಲಿ ಎದ್ದು ಕೂತ ಐದು ನಿಮಿಷದೊಳಗೆ ತಾನು ಯಾರು, ಚಪ್ಪಲಿ ಎಲ್ಲಿ ಎಂಬ ಎರಡು ವಿಷಯವಾದರೂ ಅವನಿಗೆ ಜ್ಞಾಪಕಕ್ಕೆ ಬರುತ್ತಿತ್ತು. ಕಂಪ್ಯೂಟರ್‌ಗೆ ಅದೂ ಇಲ್ಲ. ಗುಂಡಿ ಒತ್ತಿ, ಸೋರೆಬುರುಡೆಗೆ ಹೊಸದಾಗಿ, ಚಹಾದಂತೆ ಕುಡಿಯುವ ಮಾಟೆ ಸೊಪ್ಪು ತುಂಬಿ, ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಬಗ್ಗಿಸಿ ಹೀರಿ, ಸೊಪ್ಪಿನ ಕಹಿಯೆಲ್ಲ ತೀರಿ ಬರೀ ನೀರು ಬಾಯಿಗೆ ಬರುವ ಹೊತ್ತಿಗೆ ಪರದೆಯ ಮೇಲೆ ಮೊದಲ ಬೆಳಕು ಕಾಣುತ್ತಿತ್ತು.

ನಿಧಾನವಾದರೆ ಆಗಲಿ, ಅವನೇನು ಸಾಮ್ರಾಜ್ಯ ಆಳಬೇಕಿತ್ತೇ? ಮೂವತ್ತೊಂದು ವರ್ಷ ಮೊಂಟೆವಿಡಿಯೋದ ಬಸ್ಸುಗಳಲ್ಲಿ ಟಿಕೆಟ್ ಹರಿದು ನಿವೃತ್ತನಾದ ಕಂಡಕ್ಟರು ಅವನು. ಅವನ ದೂರು ಬೇರೆ. ಹೆಂಡತಿ ತಡವಾಗಿ ಕೂಗುತ್ತಿದ್ದಾಳೆ ಎಂಬುದೇ ಅವನ ದೂರು. ಹೆಂಡತಿ ತೀರಿಕೊಂಡು ಹದಿನೈದು ತಿಂಗಳಾಗಿತ್ತು.

ಆಕೆ ನೆಲಿದಾ. ಶಾಲೆಯ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವಳು, ಯಾವ ಕೆಲಸವನ್ನೂ ಅರ್ಧಕ್ಕೆ ಬಿಟ್ಟವಳಲ್ಲ. ತನಗಿನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದ ವಾರವೇ ಗಂಡನ ಚಳಿಗಾಲದ ಬನಿಯನ್ನುಗಳನ್ನೆಲ್ಲ ಹೊಲಿದಿಟ್ಟಳು, ಉಪ್ಪಿನ ಡಬ್ಬದ ಮೇಲೆ 'ಉಪ್ಪು' ಎಂದು ಬರೆದಳು (ಅವನು ಎರಡು ಸಲ ಸಕ್ಕರೆ ಎಂದುಕೊಂಡಿದ್ದ), ಆಮೇಲೆ ಕಂಪ್ಯೂಟರ್ ಮುಂದೆ ಕೂತು ತನ್ನ ದನಿಯನ್ನು ಅದರೊಳಗೆ ತುಂಬಿಟ್ಟಳು. ಪ್ರತಿದಿನ ಸಂಜೆ ಐದಕ್ಕೆ ಸರಿಯಾಗಿ ಅದು ಕೂಗಬೇಕು: "ಮಿಲ್ಟನ್! ಆ ಫ್ಲಾಸ್ಕು ಕೆಳಗಿಡು! ಮಾತ್ರೆ ತಗೊ!"

ಮಾತ್ರೆ ರಕ್ತದೊತ್ತಡದ್ದು. ಫ್ಲಾಸ್ಕಿನದು ಅದಕ್ಕಿಂತ ಹಳೆಯ ಕಾಯಿಲೆ. ಆ ಊರಲ್ಲಿ ಎಡ ಕಂಕುಳಲ್ಲಿ ಫ್ಲಾಸ್ಕು, ಎಡಗೈಯಲ್ಲಿ ಮಾಟೆ ಬುರುಡೆ ಇಟ್ಟುಕೊಂಡೇ ಜನ ಬೀದಿ ಸುತ್ತುತ್ತಾರೆ. ಲೋಕವ್ಯವಹಾರಕ್ಕೆಲ್ಲ ಬಲಗೈ ಒಂದೇ. ಮಿಲ್ಟನ್ ಅವರಲ್ಲೂ ಚಕ್ರವರ್ತಿ. ಮದುವೆಯ ಫೋಟೋದಲ್ಲೂ ಅವನ ಕೋಟಿನ ಎಡಭಾಗ ಉಬ್ಬಿಕೊಂಡಿದೆ. ಸ್ನಾನಕ್ಕೆ ಹೋದಾಗ ಮಾತ್ರ ಫ್ಲಾಸ್ಕು ಕೆಳಗಿಳಿಯುತ್ತಿತ್ತು (ಅದೂ ಬಚ್ಚಲ ಹೊಸ್ತಿಲ ಆಚೆಗೆ ಅಲ್ಲ). ನಲವತ್ತೊಂದು ವರ್ಷ ನೆಲಿದಾ ಈ ಫ್ಲಾಸ್ಕಿನ ವಿರುದ್ಧ ಸಮರ ನಡೆಸಿದಳು, ಸೋತಳು, ಸೋಲೊಪ್ಪದೆ ಹೋದಳು.

ಕೂಗು ಕೇಳಿದೊಡನೆ ಮಾತ್ರೆ ನುಂಗಿ, ಫ್ಲಾಸ್ಕನ್ನು ಕಂಕುಳಲ್ಲೇ ಇಟ್ಟುಕೊಂಡು ಅವಳಿಗೆ ದಿನದ ವರದಿ ಒಪ್ಪಿಸುವುದು ಮಿಲ್ಟನ್‌ನ ಪದ್ಧತಿಯಾಗಿತ್ತು. ಜೀವಂತವಾಗಿದ್ದಾಗ ಅವಳಿಗೆ ಅವನು ಇಷ್ಟು ಮಾತು ಹೇಳಿದ್ದಿಲ್ಲ. ಬೇಳೆ ಹತ್ತಿದ್ದು, ಬೆಕ್ಕು ಮರಿ ಹಾಕಿದ್ದು, ಪಕ್ಕದ ಮನೆಯಲ್ಲಿರುವ ಅವಳ ತಂಗಿ ಜುಲ್ಮಾಳ ದುಷ್ಕೃತ್ಯಗಳು. "ನಿನ್ನ ತಂಗಿ ನಿನ್ನೆ ಮಳೆ ಬಂತು ಅಂತ ತೋರ್ತಾ ಫ್ರಿತಾ ಕರಿದು ಕಳಿಸಿದ್ಲು ಕಣೇ. ಕರಿದಿದ್ದು ಹಿಟ್ಟೋ ಚಪ್ಪಲಿ ಅಟ್ಟೆಯೋ ಗೊತ್ತಾಗಲಿಲ್ಲ. ನಿನ್ನ ನೀಲಿ ತಟ್ಟೆ ತಗೊಂಡು ಹೋದವಳು ಇನ್ನೂ ವಾಪಸ್ ಕೊಟ್ಟಿಲ್ಲ." ಕೆಲವು ಸಂಜೆ ವರದಿ ಮುಗಿದ ಮೇಲೂ ಅವನು ಏಳುತ್ತಿರಲಿಲ್ಲ. "ಹಾಸಿಗೇಲಿ ನನ್ನ ಕಡೇನೇ ಮಲಗ್ತೀನಿ ಕಣೆ. ನಿನ್ನ ಕಡೆಗೆ ಹೋಗೋಕೆ ಮನಸ್ಸು ಬರೊಲ್ಲ," ಎನ್ನುತ್ತಿದ್ದ. "ನೋವು ಎಷ್ಟಿದೆ ಅಂತ ನಿನ್ನ ಒಂದು ದಿನ ಬಾಯಿಬಿಟ್ಟು ಕೇಳಲಿಲ್ಲ ನಾನು. ಕೇಳಿದ್ರೆ ನೀನು ಹೇಳಿಬಿಡ್ತೀಯ ಅಂತ ಹೆದರಿದ್ದೆ." ಕಂಪ್ಯೂಟರು ಮರುಮಾತಾಡುತ್ತಿರಲಿಲ್ಲ. ಅದೇ ಅವನಿಗೆ ಅನುಕೂಲವಾಗಿತ್ತು.

ಈಗ ನೋಡಿದರೆ ಐದರ ಕೂಗು ಐದೂ ಐದಕ್ಕೆ ಬರತೊಡಗಿತು. ಆಮೇಲೆ ಐದೂ ಎಂಟಕ್ಕೆ. ಈ ಜೂನ್ ತಿಂಗಳ ಚಳಿಯಲ್ಲಿ (ಆ ದೇಶಕ್ಕೆ ಜೂನೇ ಚಳಿಗಾಲ) ಐದೂ ಹನ್ನೆರಡಕ್ಕೆ. ಒಮ್ಮೆ 'ಮಾತ್ರೆ' ಎಂಬ ಪದವಾದ ಮೇಲೆ ಸಣ್ಣ ಕೆಮ್ಮೂ ಕೇಳಿಸಿತು. ಒಳಗೆ ಧೂಳು ತುಂಬಿದೆ ಎಂದು ಮಿಲ್ಟನ್ ತೀರ್ಮಾನಿಸಿದ. ಹೀಗೇ ಬಿಟ್ಟರೆ ಒಂದು ದಿನ ಆ ದನಿ ಬರುವುದೇ ನಿಂತುಹೋದೀತು ಎಂಬ ಯೋಚನೆ ಬಂದದ್ದೇ ಅವನು ಬಸ್ಸು ಹತ್ತಿದ.

ರಿಪೇರಿ ಅಂಗಡಿಯ ಯಾನೆಲಾ ಎಲ್ಲ ಕೇಳಿಕೊಂಡು ಎರಡು ಮಾತಲ್ಲಿ ರೋಗ ಹೇಳಿದಳು. "ರ‍್ಯಾಮ್ ಸಾಲದು, ಡಿಸ್ಕ್ ಮುದಿಯಾಗಿದೆ. ಹೊಸ ರ‍್ಯಾಮ್ ಹಾಕೋಣ, ತಿರುಗೋ ಡಿಸ್ಕ್ ತೆಗೆದು ಹೊಸ ನಮೂನೆಯದು ಕೂರಿಸೋಣ. ಕಣ್ಣು ಮಿಟುಕಿಸೋದರಲ್ಲಿ ಆನ್ ಆಗುತ್ತೆ. ಇಲ್ಲಿಗೆ ತನ್ನಿ, ದೊನ್ ಮಿಲ್ಟನ್."

ನೆಲಿದಾಳನ್ನು ಬಸ್ಸಿನಲ್ಲಿ ಹೊತ್ತು ತಂದು ಪರರ ಅಂಗಡಿಯಲ್ಲಿ ಬಿಟ್ಟು ಹೋಗುವುದೇ? "ನಾನೇ ಮಾಡ್ತೀನಿ, ಹೇಗೆ ಅಂತ ಹೇಳಮ್ಮ," ಎಂದ.

ಯಾನೆಲಾ ಅವನ ಕಂಕುಳನ್ನೊಮ್ಮೆ ನೋಡಿದಳು. "ರ‍್ಯಾಮಿಗೆ ಹಿಂದೆ ಸಣ್ಣ ಬಾಗಿಲಿದೆ, ಅದು ಸುಲಭ. ಡಿಸ್ಕ್ ಇರೋದು ಪರದೆ ಹಿಂದೆ. ಇದು ಎಲ್ಲಾ ಒಂದರಲ್ಲೇ ಇರೋ ಜಾತಿ ನೋಡಿ, ಪರದೆಯನ್ನ ಅಂಟು ಹಾಕಿ ಕೂರಿಸಿರ್ತಾರೆ. ಅಂಚನ್ನ ಬಿಸಿ ಮಾಡಿ, ಪ್ಲಾಸ್ಟಿಕ್ ಕಾರ್ಡ್ ತೂರಿಸಿ, ಮೆತ್ತಗೆ ಬಿಡಿಸಬೇಕು. ಹಳೇ ಡಿಸ್ಕ್ ಹುಷಾರಾಗಿ ತಗೊಂಡು ಬನ್ನಿ, ಅದರಲ್ಲಿರೋದನ್ನೆಲ್ಲ ಹೊಸದಕ್ಕೆ ನಾನು ಇಳಿಸಿಕೊಡ್ತೀನಿ. ಒಂದೇ ಮಾತು. ಎರಡು ಕೈ ಬೇಕು. ಎರಡೂ."

ಸುದ್ದಿ ಕೇಳಿ ಜುಲ್ಮಾ ಕಿಟಕಿಗೆ ಬಂದಳು. ಎರಡು ಮನೆಗಳ ನಡುವೆ ಬೆಳಕಿಗೆಂದು ಬಿಟ್ಟ ಒಂದು ಮಾರಿನ ಸಂದಿ. ಈ ಕಡೆ ಕಿಟಕಿಯ ಕೆಳಗೆ ಕಂಪ್ಯೂಟರ್ ಮೇಜು, ಆ ಕಡೆ ಕಿಟಕಿಯ ಹಿಂದೆ ಜುಲ್ಮಾಳ ಅಡುಗೆಮನೆ. ಮೈಕಟ್ಟಿನಲ್ಲಿ ಅಕ್ಕತಂಗಿಯರಿಗೆ ಹೋಲಿಕೆಯೇ ಇಲ್ಲ. ದನಿ ಮಾತ್ರ ಯಾರದೆಂದು ಹೆತ್ತ ತಾಯಿಗೂ ಫೋನಿನಲ್ಲಿ ಗೊತ್ತಾಗುತ್ತಿರಲಿಲ್ಲ (ಮದುವೆಗೆ ಮುಂಚೆ ಮಿಲ್ಟನ್ ಒಮ್ಮೆ ಕಾಲು ಗಂಟೆ ಕಾಲ ತನ್ನ ಪ್ರೇಮವನ್ನೆಲ್ಲ ಜುಲ್ಮಾಳಿಗೆ ನಿವೇದಿಸಿದ್ದ, ಅವಳು ಕೊನೆಗೆ "ಅಕ್ಕನ್ನ ಕರೀಲಾ?" ಎಂದಿದ್ದಳು). ಅಂದಿನಿಂದ ಇಬ್ಬರಿಗೂ ಅಷ್ಟಕ್ಕಷ್ಟೆ.

"ಅದನ್ನ ಮುಟ್ಟಬೇಡಿ ಭಾವ!"

"ಯಾಕೆ?"

"ಯಾಕೆ ಅಂದ್ರೆ ಏನು ಹೇಳಲಿ? ನಡೀತಾ ಇರೋದನ್ನ ಯಾಕೆ ಬಿಚ್ಚಿ ಹಾಕ್ತೀರಾ?"

"ಹನ್ನೆರಡು ನಿಮಿಷ ಲೇಟು, ಜುಲ್ಮಾ! ನಲವತ್ತೊಂದು ವರ್ಷದಲ್ಲಿ ಅವಳು ಒಂದು ದಿನ ಲೇಟಾಗಿ ಬೈದವಳಲ್ಲ."

"ಹನ್ನೆರಡು ನಿಮಿಷಕ್ಕೆ ಆಕಾಶ ಕಳಚಿ ಬೀಳುತ್ತಾ? ವಯಸ್ಸಾಗಿರುತ್ತೆ, ಕೈಲಾಗಲ್ಲ, ಪಾಪ."

"ಯಾರಿಗೆ?"

"ಕಂಪ್ಯೂಟರಿಗೆ!" ಎಂದು ಜುಲ್ಮಾ ಕಿಟಕಿಯ ಬಾಗಿಲು ದಢಾರನೆ ಹಾಕಿಕೊಂಡಳು. ಅಕ್ಕ ತನ್ನ ದನಿಯನ್ನು ಇವಳ ಮನೆಯಲ್ಲಿ ಬಿಟ್ಟುಹೋಗಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚು ಇವಳಿಗೆ ಎಂದುಕೊಂಡ ಮಿಲ್ಟನ್.

ಗುರುವಾರ ಮಧ್ಯಾಹ್ನ ಮಹಾಶಸ್ತ್ರಚಿಕಿತ್ಸೆ ಆರಂಭವಾಯಿತು. ಹೊರಗೆ ಜಿಟಿಜಿಟಿ ಮಳೆ. ರ‍್ಯಾಮಿನ ಎರಡು ಪಟ್ಟಿಗಳು ಟಕ್ ಟಕ್ ಎಂದು ಕೂತವು. ಬಲಗೈ ಒಂದೇ ಸಾಕಾಯಿತು. ಮಿಲ್ಟನ್‌ಗೆ ತಾನು ಹುಟ್ಟಾ ಇಂಜಿನಿಯರ್, ಬಸ್ಸಿನಲ್ಲಿ ಜನ್ಮ ಹಾಳಾಯಿತು ಎನಿಸಿತು. ಪರದೆಯ ಅಂಚು ಬಿಸಿ ಮಾಡಲು ನೆಲಿದಾಳ ಹೇರ್ ಡ್ರೈಯರ್ ಹಚ್ಚಿದ. ಅದು ಒಮ್ಮೆ ಗರ್ಜಿಸಿ ಇಡೀ ಮನೆಯ ಫ್ಯೂಸ್ ಹಾರಿಸಿ ಸುಮ್ಮನಾಯಿತು. ಫ್ಯೂಸ್ ಆಮೇಲೆ ನೋಡಿಕೊಂಡರಾಯಿತು ಎಂದು ಮಿಲ್ಟನ್ ಚಳಿಗಾಲದಲ್ಲಿ ಕಾಲಿಗಿಟ್ಟುಕೊಳ್ಳುವ ರಬ್ಬರ್ ಚೀಲ ತಂದು, ಫ್ಲಾಸ್ಕಿನ ಬಿಸಿನೀರು ತುಂಬಿ ಪರದೆಯ ಸುತ್ತ ಶಾಖ ಕೊಟ್ಟ. ಅಂಟು ಕರಗಿತು! ಬಸ್ ಕಾರ್ಡು ಜಾರುತ್ತಾ ಹೋಯಿತು! ಪರದೆ ಎದ್ದು ಬಂತು! ಒಳಗಿದ್ದ ಡಿಸ್ಕನ್ನು ಬಿಚ್ಚಿ, ನೆಲಿದಾಳ ಕರವಸ್ತ್ರ ಹಾಸಿ, ಅದರ ಮೇಲೆ ಮಲಗಿಸಿದ. ಬಡ್ಡಿಮಗನ ಸ್ಕ್ರೂ ಒಂದು ಕೆಳಗೆ ಬಿತ್ತು.

ಅದನ್ನು ಎತ್ತಲು ಮಿಲ್ಟನ್ ಬಗ್ಗಿದ. ಫ್ಲಾಸ್ಕು ಕಂಕುಳಲ್ಲಿತ್ತು. ಚೀಲಕ್ಕೆ ನೀರು ತುಂಬುವಾಗ ತೆಗೆದ ಮುಚ್ಚಳ ಚೀಲದ ಪಕ್ಕದಲ್ಲಿತ್ತು.

ಫ್ಲಾಸ್ಕಿನಲ್ಲಿ ಉಳಿದಿದ್ದ ನೀರಷ್ಟೂ ಹಬೆಯಾಡುತ್ತಾ ಡಿಸ್ಕಿನ ಮೇಲೆ, ಕರವಸ್ತ್ರದ ಮೇಲೆ, ಅವನ ಬಲಗೈ ಮೇಲೆ ಸುರಿಯಿತು.

ಅವನು ಡಿಸ್ಕನ್ನು ಎತ್ತಿ ಒರೆಸಿದ, ಊದಿದ, ಅಂಗಿಯೊಳಗೆ ಎದೆಗೆ ಒತ್ತಿಕೊಂಡ. ಸಣ್ಣ ತೂತಿನಿಂದ ನೀರು ತೊಟ್ಟಿಕ್ಕಿತು. ಬೇರೆ ಏನಾದರೂ ಆಗಿ ಕೆಟ್ಟಿದ್ದರೆ ಸಹಿಸಬಹುದಿತ್ತು. ಅವಳು ದಿನಕ್ಕೊಮ್ಮೆ ಕೆಳಗಿಡು ಕೆಳಗಿಡು ಎಂದು ಬೇಡಿಕೊಂಡ ಫ್ಲಾಸ್ಕಿನಿಂದಲೇ ಅವಳ ಬಾಯಿ ಮುಚ್ಚಿಸಿದೆನಲ್ಲ ಎಂದು ಅವನಿಗೆ ಅಳು ಬಂತು. ಹದಿನೈದು ತಿಂಗಳ ಹಿಂದೆ ನೆಂಟರಿಷ್ಟರ ಮುಂದೆ ಬಾರದಿದ್ದ ಅಳು. ಬಿಚ್ಚಿದ ಕಂಪ್ಯೂಟರಿನ ಎದುರು ಕುರ್ಚಿಯಲ್ಲಿ ಕೂತು, ಅರುವತ್ತೊಂಬತ್ತು ವರ್ಷದ ಗಂಡಸು ದನಿ ಎತ್ತಿ ಅತ್ತ. ಗೋಡೆಯ ಗಡಿಯಾರ ಐದು ಹೊಡೆಯಿತು. ಇನ್ನು ಯಾರೂ ಕೂಗುವವರಿಲ್ಲ.

ಐದೂ ಹನ್ನೆರಡಕ್ಕೆ ದನಿ ಬಂತು.

"ಮಿಲ್ಟನ್! ಆ ಫ್ಲಾಸ್ಕು ಕೆಳಗಿಡು! ಮಾತ್ರೆ ತಗೊ!"

ಮಿಲ್ಟನ್ ಕುರ್ಚಿಯಿಂದ ಎದ್ದುಬಿಟ್ಟ. ಪರದೆ ಸೋಫಾ ಮೇಲಿತ್ತು. ಡಿಸ್ಕ್ ಅವನ ಅಂಗಿಯೊಳಗಿತ್ತು. ಮನೆಯಲ್ಲಿ ಕರೆಂಟೇ ಇರಲಿಲ್ಲ. ಬುದ್ಧಿ ಇದನ್ನೆಲ್ಲ ಹೇಳಿತು, ಮನಸ್ಸು ಕೇಳಲಿಲ್ಲ. ಬಂದಳು ಎಂದುಕೊಂಡ.

"ನೆಲಿದಾ, ತಪ್ಪಾಯ್ತು ಕಣೇ," ಎಂದ, ಕಂಪ್ಯೂಟರಿನ ಖಾಲಿ ಹೊಟ್ಟೆಯ ಕಡೆಗೆ. "ಬಿಸಿನೀರು ಪೂರ್ತಿ ನಿನ್ನ ಮೇಲೆ ಸುರಿದುಬಿಟ್ಟೆ. ಫ್ಲಾಸ್ಕಿಂದು. ನನ್ನ ಕೈ ಮೇಲೂ ಬಿತ್ತು, ಅದು ಬೇಕಾಗಿತ್ತು ನನಗೆ..."

ಆಮೇಲೆ ಅದೇ ದನಿ ಗಾಬರಿಯಿಂದ ಕೇಳಿತು, "ಅಯ್ಯೋ, ಕೈ ಸುಟ್ಟುಕೊಂಡ್ರಾ ಭಾವ?"

ಭಾವ!

ಮಿಲ್ಟನ್ ನಿಧಾನಕ್ಕೆ ಕಿಟಕಿಯ ಕಡೆ ತಿರುಗಿದ. ಸಂದಿಯ ಆಚೆ, ಹಿಟ್ಟು ಮೆತ್ತಿದ ಕೈಯಿಂದ ಬಾಯಿ ಮುಚ್ಚಿಕೊಂಡು, ಜುಲ್ಮಾ ನಿಂತಿದ್ದಳು.

"ನೀನಾ?" ಎಂದ. "ಎಷ್ಟು ದಿನದಿಂದ?"

"ಹೋದ ಜುಲೈಯಿಂದ." ಅವಳು ಕಿಟಕಿಯ ಸರಳು ಹಿಡಿದುಕೊಂಡಳು. "ಅದು ಹೋದ ಜುಲೈನಲ್ಲೇ ಕೂಗೋದು ನಿಲ್ಲಿಸ್ತು ಭಾವ. ನೀವು ಅದರ ಮುಂದೆ ಕೂತು, 'ಹೇಳೇ, ಕೂಗೇ ನೆಲಿದಾ' ಅಂತಿದ್ರಿ. ಮೂರು ದಿನ ಮಾತ್ರೆ ತಗೊಳ್ಳಲಿಲ್ಲ, ನಾಲ್ಕನೇ ದಿನ ಬೆಳಗ್ಗೆ ಬಚ್ಚಲಲ್ಲಿ ಬಿದ್ರಿ. ಆ ಸಂಜೆಯಿಂದ ನಾನೇ ಕೂಗಿದೆ, ಅದೇ ಸರಿಹೋಯ್ತು ಅಂದ್ಕೊಂಡ್ರಿ ನೀವು. ಮಾತ್ರೆ ತಗೊಳ್ಳಿ ಅಂತ ನಾನಾಗಿ ಹೇಳಿದ್ರೆ ಕೇಳ್ತಿದ್ರಾ?"

ಕೇಳುತ್ತಿರಲಿಲ್ಲ. ಮೂವತ್ತೊಂದು ವರ್ಷ ಇಂಜಿನ್ ಪಕ್ಕ ಕೂತು ಮಂದವಾದ ಎಡಗಿವಿಗೆ, ದನಿ ಬಂದದ್ದು ಕಿಟಕಿಯಿಂದಲೋ ಕಂಪ್ಯೂಟರಿನಿಂದಲೋ ಎಂಬ ವ್ಯತ್ಯಾಸವೂ ತಿಳಿದಿರಲಿಲ್ಲ.

"ಹನ್ನೆರಡು ನಿಮಿಷ ಲೇಟು..." ಎಂದ.

"ನನ್ನ ಮೊಣಕಾಲು ಭಾವ! ಚಳಿಗೆ ಹಿಡ್ಕೊಂಡುಬಿಡುತ್ತೆ. ಗಡಿಯಾರ ಹೊಡೆದ ಮೇಲೆ ಹೊರಟ್ರೆ ಅಡುಗೆಮನೆಗೆ ಬರೋ ಹೊತ್ತಿಗೆ ಇಷ್ಟಾಗುತ್ತೆ. ನೀವು ಕಂಪ್ಯೂಟರಿಗೆ ರ‍್ಯಾಮ್ ಹಾಕಿದ್ರಿ. ನನ್ನ ಕಾಲಿಗೆ ಒಂದು ಎಣ್ಣೆ ತಂದುಕೊಟ್ಟಿದ್ರೆ ಐದಕ್ಕೆ ಸರಿಯಾಗಿ ಬೈತಿದ್ದೆ."

ಹತ್ತು ನಿಮಿಷದ ಮೇಲೆ ಅವಳು ಕುಂಟುತ್ತಾ ಈ ಮನೆಗೆ ಬಂದಳು, ಒಂದು ಕೈಯಲ್ಲಿ ಮುಲಾಮು, ಇನ್ನೊಂದರಲ್ಲಿ ನೆಲಿದಾಳ ನೀಲಿ ತಟ್ಟೆ. ತಟ್ಟೆಯನ್ನು ಮೇಜಿನ ಮೇಲೆ ಟಣ್ಣನೆ ಇಟ್ಟಳು. "ತಗೊಳ್ಳಿ, ನಿಮ್ಮ ಚಪ್ಪಲಿ ಅಟ್ಟೆ. ಬಿಸಿ ಇದೆ. ತಟ್ಟೆಯನ್ನೂ ವಾಪಸ್ ಕೊಟ್ಟಿದೀನಿ, ಅಕ್ಕನಿಗೆ ವರದಿ ಮಾಡಿ."

ಮಿಲ್ಟನ್‌ನ ಕಿವಿ ಕೆಂಪಾಯಿತು. ಹನ್ನೊಂದು ತಿಂಗಳು! ಅವಳ ಅಡುಗೆ, ಅವಳ ಹಾಡು, ಅವಳ ಹೊಸ ಕೂದಲ ಬಣ್ಣ, ಒಂದನ್ನೂ ಬಿಟ್ಟಿರಲಿಲ್ಲ ಅವನು. ಆಮೇಲೆ ಇನ್ನುಳಿದ ಮಾತುಗಳು ನೆನಪಾದವು. ಹಾಸಿಗೆಯದು, ಕೇಳದೇ ಹೋದ ನೋವಿನದು. ತಲೆ ತಗ್ಗಿಸಿ ಕೇಳಿದ, "ಉಳಿದದ್ದೆಲ್ಲ... ಅದೂ ಕೇಳಿಸ್ತಾ?"

ಜುಲ್ಮಾ ಅವನ ಸುಟ್ಟ ಕೈಗೆ ಮುಲಾಮು ಹಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. "ಅದು ಅಕ್ಕನಿಗೆ ಹೇಳಿದ್ದು. ಅಷ್ಟರಲ್ಲಿ ನಾನು ಕಿಟಕಿ ಮುಚ್ಚಿಕೊಳ್ತಿದ್ದೆ," ಎಂದಳು. ಸುಳ್ಳು. ಆ ಕಿಟಕಿ ದಢಾರೆನ್ನದೆ ಮುಚ್ಚುವುದೇ ಇಲ್ಲ, ಆ ಸಂಜೆಗಳಲ್ಲಿ ಅಂಥ ಸದ್ದು ಅವನಿಗೆ ಒಂದು ದಿನವೂ ಕೇಳಿರಲಿಲ್ಲ.

ಯಾನೆಲಾ ಬಂದು ಎಲ್ಲವನ್ನೂ ಜೋಡಿಸಿಕೊಟ್ಟಳು. ನೀರು ಕುಡಿದ ಡಿಸ್ಕನ್ನೂ ಪರೀಕ್ಷಿಸಿದಳು; ದನಿ ಇದ್ದ ಭಾಗ ಕಳೆದ ವರ್ಷವೇ ಸತ್ತಿರಬೇಕು, ನೀರಿನ ತಪ್ಪಲ್ಲ ಎಂದಳು. ಒಂದು ಅಕ್ಷರವೂ ಸಿಗಲಿಲ್ಲ. ಈಗ ಕಂಪ್ಯೂಟರು ಗುಂಡಿ ಒತ್ತಿದ ಕೂಡಲೇ ಬೆಳಗುತ್ತದೆ, ಬುರುಡೆಗೆ ಸೊಪ್ಪು ಹಾಕಲೂ ಬಿಡುವುದಿಲ್ಲ. ಅಷ್ಟು ಚುರುಕು, ಹೇಳುವುದಕ್ಕೆ ಮಾತ್ರ ಏನೂ ಇಲ್ಲ.

ಮರುದಿನ ಸಂಜೆ ಮಿಲ್ಟನ್ ಅಭ್ಯಾಸಬಲದಿಂದ ಅಲ್ಲೇ ಕೂತ. ಐದಾಯಿತು. ಐದೂ ಹನ್ನೆರಡಾಯಿತು. ಯಾರೂ ಕೂಗಲಿಲ್ಲ, ಗುಟ್ಟು ರಟ್ಟಾದ ಮೇಲೆ ಅಕ್ಕನಾಗಿ ಕೂಗಲು ಜುಲ್ಮಾಳಿಗೆ ನಾಚಿಕೆ. ಐದೂ ಇಪ್ಪತ್ತಾಯಿತು. ನೆಲಿದಾ ಹೋಗಿದ್ದಾಳೆ ಎಂಬುದು ಅವನಿಗೆ ಆ ಸಂಜೆ ಪೂರ್ತಿಯಾಗಿ ಗೊತ್ತಾಯಿತು. ಕೊನೆಗೆ ಅವನು ಕಂಕುಳಿಂದ ಫ್ಲಾಸ್ಕು ತೆಗೆದು ಮೇಜಿನ ಮೇಲೆ ಇಟ್ಟ. ಸ್ನಾನಕ್ಕಲ್ಲದೆ, ತಾನಾಗಿ, ಮದುವೆಯಾದಾಗಿನಿಂದ ಮೊದಲ ಸಲ. ಕಂಕುಳಿಗೆ ಚಳಿಯಾಯಿತು.

ಕಿಟಕಿಯ ಆಚೆಯಿಂದ, ಆ ಸದ್ದಿಗೇ ಕಾದು ಕೂತಿದ್ದಂತೆ, ಮೆಲ್ಲಗೆ ಕೇಳಿಸಿತು. "ಮಾತ್ರೆ, ಭಾವ?"

"ತಗೊಂಡೆ," ಎಂದ ಮಿಲ್ಟನ್.

"ಸುಳ್ಳು. ಲೋಟಕ್ಕೆ ನೀರು ಬಗ್ಗಿಸಿದ ಸದ್ದೇ ಬರಲಿಲ್ಲ."

ಈ ಕಿವಿಯ ವೇಗಕ್ಕೆ ಯಾವ ಹೊಸ ಡಿಸ್ಕೂ ಸಾಟಿಯಲ್ಲ ಎಂದು ಗೊಣಗುತ್ತಾ ಮಿಲ್ಟನ್ ಲೋಟ ತೆಗೆದುಕೊಂಡ. ಕಣ್ಣೊರೆಸಿಕೊಂಡು, ಆಚೆ ಮನೆಗೂ ಕೇಳಲಿ ಎಂದು, ಸ್ವಲ್ಪ ಎತ್ತರದಿಂದಲೇ ನೀರು ಬಗ್ಗಿಸಿದ.